ಹಳೆಯ ರಂಗಕಲೆಗೆ ಹೊಸ ಪ್ರೇಕ್ಷಕರು: ಕ್ಯಾಂಟೊನೀಸ್ ಒಪೆರಾ ಉಳಿಸಲು ಹಾಂಗ್‌ಕಾಂಗ್, ಗುವಾಂಗ್‌ಝೌ ಮಾಡುತ್ತಿರುವುದೇನು?

ಹಾಂಗ್‌ಕಾಂಗ್‌ನ ನಾರ್ತ್ ಪಾಯಿಂಟ್ ಪ್ರದೇಶದಲ್ಲಿದ್ದ ಸನ್‌ಬೀಮ್ ಥಿಯೇಟರ್ 2025ರ ಮಾರ್ಚ್‌ನಲ್ಲಿ ಶಾಶ್ವತವಾಗಿ ಬಾಗಿಲು ಮುಚ್ಚಿತು. 1972ರಲ್ಲಿ ಆರಂಭವಾದ, ಸಾವಿರಕ್ಕೂ ಹೆಚ್ಚು ಆಸನಗಳ ಈ ರಂಗಮಂದಿರ ಅರ್ಧ ಶತಮಾನ ಕಾಲ ಕ್ಯಾಂಟೊನೀಸ್ ಒಪೆರಾ ಕಲಾವಿದರಿಗೆ ತವರುಮನೆಯಂತಿತ್ತು. ಬಾಡಿಗೆ ಏರಿಕೆಯಿಂದ ಹಲವು ಬಾರಿ ಮುಚ್ಚುವ ಹಂತಕ್ಕೆ ಹೋಗಿ ಉಳಿದುಕೊಂಡಿದ್ದ ಕಟ್ಟಡ ಕೊನೆಗೆ ಚರ್ಚ್ ಸಂಸ್ಥೆಯೊಂದಕ್ಕೆ ಮಾರಾಟವಾಯಿತು.

ಆದರೆ ಬಂದರಿನ ಆಚೆ ದಡದಲ್ಲಿ ಬೇರೆಯೇ ಚಿತ್ರಣವಿದೆ. ವೆಸ್ಟ್ ಕೌಲೂನ್ ಸಾಂಸ್ಕೃತಿಕ ವಲಯದಲ್ಲಿ 2019ರ ಜನವರಿಯಲ್ಲಿ ತೆರೆದ ಶೀಚು ಸೆಂಟರ್, ಚೀನಾದ ಸಾಂಪ್ರದಾಯಿಕ ರಂಗಪ್ರಕಾರಗಳಿಗೆಂದೇ ಕಟ್ಟಿದ ಬೃಹತ್ ಕೇಂದ್ರ. ಅದರ ದೊಡ್ಡ ರಂಗಮಂದಿರದಲ್ಲೇ 1,073 ಆಸನಗಳಿವೆ. ಒಂದು ಕಡೆ ಹಳೆಯ ಮನೆ ಮುಚ್ಚಿದೆ, ಇನ್ನೊಂದು ಕಡೆ ಸರ್ಕಾರದ ಹಣದಲ್ಲಿ ಹೊಸ ಮನೆ ಎದ್ದಿದೆ. ಹಾಗಾದರೆ ಈ ಕಲೆ ಸಾಯುತ್ತಿದೆಯೇ, ಬೆಳೆಯುತ್ತಿದೆಯೇ?

ಏನಿದು ಕ್ಯಾಂಟೊನೀಸ್ ಒಪೆರಾ?

ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯ, ಹಾಂಗ್‌ಕಾಂಗ್ ಮತ್ತು ಮಕಾವ್‌ನಲ್ಲಿ ಬೇರುಬಿಟ್ಟ ರಂಗಪ್ರಕಾರವಿದು. ಹಾಡು, ಮಾತು, ಅಭಿನಯ, ಕತ್ತಿವರಸೆ ನಾಲ್ಕೂ ಒಬ್ಬನೇ ನಟನಿಗೆ ಬರಬೇಕು. ಮುಖಕ್ಕೆ ದಟ್ಟ ಬಣ್ಣ, ಮೈಮೇಲೆ ಕಸೂತಿಯ ಭಾರಿ ಉಡುಪು, ಸೇನಾನಿಯ ತಲೆಯ ಮೇಲೆ ಉದ್ದನೆಯ ಗರಿಗಳು, ಕೈಯಿಂದ ಕೆಳಗೆ ಇಳಿಬೀಳುವ ಬಿಳಿ 'ನೀರ ತೋಳು' ಇದರ ಗುರುತು. ಆ ತೋಳನ್ನು ಬೀಸುವ, ಮಡಿಸುವ, ಎಸೆಯುವ ರೀತಿಯಲ್ಲೇ ದುಃಖ, ನಾಚಿಕೆ, ಸಿಟ್ಟು ಪ್ರೇಕ್ಷಕರಿಗೆ ತಿಳಿಯುತ್ತದೆ. ಒಂದು ಪೂರ್ಣ ನಾಟಕ ಮೂರೂವರೆಯಿಂದ ನಾಲ್ಕು ಗಂಟೆ ನಡೆಯುತ್ತದೆ.

ವಲಸೆ ಹೋದ ಜನರ ಜೊತೆ ಈ ಕಲೆಯೂ ಸಾಗರ ದಾಟಿತು. ಚಿನ್ನದ ಗಣಿ ಹುಡುಕಿ ಹೋದ ಚೀನೀಯರಿದ್ದ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ 1852ರಲ್ಲೇ ಕ್ಯಾಂಟೊನೀಸ್ ತಂಡವೊಂದು ಪ್ರದರ್ಶನ ನೀಡಿತ್ತು. 2009ರಲ್ಲಿ ಯುನೆಸ್ಕೊ ಇದನ್ನು ಮಾನವಕುಲದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಂದಿನ 'ಹಳೆಯದು' ಅಂದಿನ ಹೊಸದು

ಪರಂಪರೆಯ ಪಟ್ಟಿ ಸೇರಿದ ಕಲೆಯನ್ನು ಮುಟ್ಟದೆ ಕಾಪಾಡಬೇಕು ಎಂಬ ಭಾವನೆ ಸಹಜ. ಆದರೆ ಕ್ಯಾಂಟೊನೀಸ್ ಒಪೆರಾದ ಇತಿಹಾಸ ಹೇಳುವುದೇ ಬೇರೆ. ಇದು ಪ್ರತಿ ಪೀಳಿಗೆಯಲ್ಲೂ ತನ್ನನ್ನು ಬದಲಿಸಿಕೊಂಡೇ ಉಳಿದ ಕಲೆ.

1854ರಲ್ಲಿ ಲೀ ವೆನ್‌ಮಾವೊ ಎಂಬ ಒಪೆರಾ ನಟನೇ ಚಿಂಗ್ ಸಾಮ್ರಾಜ್ಯದ ವಿರುದ್ಧ ದಂಗೆಯ ನಾಯಕನಾಗಿ ನಿಂತ. ಸರ್ಕಾರ ಸೇಡು ತೀರಿಸಿಕೊಂಡಿತು. ಫೋಶಾನ್‌ನಲ್ಲಿದ್ದ ಕಲಾವಿದರ ಸಂಘದ ಭವನ ನಾಶವಾಯಿತು, ಪ್ರದರ್ಶನಗಳಿಗೆ ನಿಷೇಧ ಬಿತ್ತು. ಕಲಾವಿದರು ಬೇರೆ ಪ್ರಕಾರಗಳ ಹೆಸರಿನಲ್ಲಿ ಬಣ್ಣ ಹಚ್ಚಿ ಹೊಟ್ಟೆ ಹೊರೆದುಕೊಂಡರು. ನಿಷೇಧ ಸಡಿಲವಾದ ಮೇಲೆ ನದಿಗಳಲ್ಲಿ ಕೆಂಪು ದೋಣಿಗಳಲ್ಲಿ ಊರೂರು ಸುತ್ತುವ ತಂಡಗಳು ಮತ್ತೆ ತಲೆಯೆತ್ತಿದವು.

20ನೇ ಶತಮಾನದ ಆರಂಭದಲ್ಲಿ ಇನ್ನೂ ದೊಡ್ಡ ಬದಲಾವಣೆಯಾಯಿತು. ಅದುವರೆಗೆ ರಂಗದ ಮೇಲೆ ಬಳಕೆಯಲ್ಲಿದ್ದದ್ದು ಸಾಮಾನ್ಯ ಪ್ರೇಕ್ಷಕರಿಗೆ ಅರೆಬರೆ ಅರ್ಥವಾಗುವ ಉತ್ತರದ ರಂಗಭಾಷೆ. ಅದರ ಜಾಗಕ್ಕೆ ಮನೆಮಾತಾದ ಕ್ಯಾಂಟೊನೀಸ್ ಬಂತು. ಕೀರಲು ಕಂಠದ ಬದಲು ಸಹಜ ಧ್ವನಿಯ ಹಾಡುಗಾರಿಕೆ ಬೆಳೆಯಿತು. 1920 ಮತ್ತು 30ರ ದಶಕದಲ್ಲಿ ಸಿಟ್ ಕೋಕ್‌ಸಿನ್ ಮತ್ತು ಮಾ ಸಿಚಾಂಗ್ ಎಂಬ ಇಬ್ಬರು ತಾರೆಗಳ ಪೈಪೋಟಿಯಲ್ಲಿ ವಯಲಿನ್, ಸ್ಯಾಕ್ಸೊಫೋನ್‌ಗಳೂ ವಾದ್ಯಮೇಳ ಸೇರಿದವು. ಸಿಟ್ ಅವರ ಹೆಸರಾಂತ 'ವೈಟ್ ಗೋಲ್ಡ್ ಡ್ರ್ಯಾಗನ್' ನಾಟಕಕ್ಕೆ ಹಾಲಿವುಡ್ ಸಿನಿಮಾದ ಕಥೆಯೇ ಮೂಲ. 1933ರಲ್ಲಿ ಅದು ಕ್ಯಾಂಟೊನೀಸ್ ಭಾಷೆಯ ಮೊದಮೊದಲ ಮಾತಿನ ಚಿತ್ರಗಳಲ್ಲಿ ಒಂದಾಯಿತು.

ಇಂದು 'ಕ್ಲಾಸಿಕ್' ಎಂದಾಕ್ಷಣ ನೆನಪಾಗುವ ನಾಟಕಕಾರ ಟಾಂಗ್ ಟಿಕ್‌ಸಾಂಗ್ (1917–1959). ನಟಿಯರಾದ ಯಾಮ್ ಕಿಮ್‌ಫೈ ಮತ್ತು ಬಾಕ್ ಶೂಟ್‌ಸಿನ್ 1956ರಲ್ಲಿ ಕಟ್ಟಿದ ಸಿನ್ ಫುಂಗ್ ಮಿಂಗ್ ತಂಡಕ್ಕೆ ಅವರು ಬರೆದ ನಾಟಕಗಳು ಈಗಲೂ ಟಿಕೆಟ್ ಮಾರುತ್ತವೆ. ಮಿಂಗ್ ಸಾಮ್ರಾಜ್ಯ ಕುಸಿದಾಗ ರಾಜಕುಮಾರಿಯೊಬ್ಬಳು ಮದುವೆಯ ರಾತ್ರಿಯೇ ಪತಿಯೊಂದಿಗೆ ವಿಷ ಕುಡಿಯುವ ಕಥೆಯ 'ಫ್ಲವರ್ ಪ್ರಿನ್ಸೆಸ್' (1957) ಇವುಗಳಲ್ಲಿ ಅತಿ ಜನಪ್ರಿಯ. ಅದರ ಕೊನೆಯ ದೃಶ್ಯದ ಹಾಡು ಒಪೆರಾ ನೋಡದವರ ಬಾಯಲ್ಲೂ ಇದೆ. ಗಂಡು ಪಾತ್ರಗಳನ್ನು ಆಡುತ್ತಿದ್ದ ಯಾಮ್ ಅವರಿಗೆ ಮಹಿಳಾ ಅಭಿಮಾನಿಗಳ ದಂಡೇ ಇತ್ತು.

ಗಮನಿಸಬೇಕಾದ ಸಂಗತಿ ಇದು: ಟಾಂಗ್ ಆ ಕಾಲದಲ್ಲಿ ಮಾಡಿದ್ದೂ ಪುನರುಜ್ಜೀವನವನ್ನೇ. 'ಪರ್ಪಲ್ ಹೇರ್‌ಪಿನ್' ನಾಟಕಕ್ಕೆ ಮಿಂಗ್ ಕಾಲದ ಟಾಂಗ್ ಶ್ಯಾನ್‌ಜು ಅವರ ಕೃತಿ ಆಧಾರ. 'ರೀಇನ್ಕಾರ್ನೇಷನ್ ಆಫ್ ರೆಡ್ ಪ್ಲಮ್' ಕೂಡ ಹಳೆಯ ನಾಟಕವೊಂದರ ಹೊಸ ರೂಪ. 1959ರ ಸೆಪ್ಟೆಂಬರ್‌ನಲ್ಲಿ ಲೀ ಥಿಯೇಟರ್‌ನಲ್ಲಿ ಅದರ ಮೊದಲ ಪ್ರದರ್ಶನ ನಡೆಯುತ್ತಿದ್ದಾಗಲೇ ಟಾಂಗ್ ಕುಸಿದುಬಿದ್ದು, ಬಳಿಕ ತೀರಿಕೊಂಡರು. ಆಗ ಅವರಿಗೆ ಕೇವಲ 42 ವರ್ಷ.

ಚಹಾ, ತಿಂಡಿ, ತೊಂಬತ್ತು ನಿಮಿಷ

ಹಾಗಾಗಿ ಇಂದಿನ ತಂಡಗಳ ಪ್ರಯೋಗಗಳನ್ನು ಪರಂಪರೆಗೆ ಮಾಡಿದ ದ್ರೋಹ ಎನ್ನಲಾಗದು. ಶೀಚು ಸೆಂಟರ್‌ನ ಒಳಗೆ ಸುಮಾರು 200 ಜನ ಕೂರಬಹುದಾದ ಚಹಾಮನೆ ರಂಗಮಂದಿರವಿದೆ. ಇಲ್ಲಿ ಪೂರ್ಣ ನಾಟಕದ ಬದಲು ಆಯ್ದ ದೃಶ್ಯಗಳನ್ನು ಸುಮಾರು 90 ನಿಮಿಷದಲ್ಲಿ ತೋರಿಸಲಾಗುತ್ತದೆ. ಮೇಜಿನ ಮೇಲೆ ಚಹಾ, ಡಿಮ್‌ಸಮ್. ನಡುನಡುವೆ ನಿರೂಪಕರು ಈ ಹೆಜ್ಜೆಗೆ ಏನರ್ಥ, ಈ ವಾದ್ಯ ಯಾವುದು ಎಂದು ವಿವರಿಸುತ್ತಾರೆ. ಮೊದಲ ಬಾರಿ ಬಂದವರಿಗೆ ನಾಲ್ಕು ಗಂಟೆಯ ಭಯವಿಲ್ಲ. ಒಂದು ಕಾಲದಲ್ಲಿ ಚಹಾಮನೆಗಳಲ್ಲಿ ಕುಳಿತು ಹಾಡು ಕೇಳುತ್ತಿದ್ದ ರೂಢಿಯನ್ನೇ ಇದು ಮರಳಿ ತಂದಿದೆ.

ಇನ್ನೊಂದು ದಾರಿ ಚಿಕ್ಕ ರಂಗದ ಪ್ರಾಯೋಗಿಕ ನಾಟಕ. ಸೋತ ರಾಜ ಮತ್ತು ಅವನ ಪ್ರಿಯತಮೆಯ ಪ್ರಸಿದ್ಧ ಕಥೆ 'ಫೇರ್‌ವೆಲ್ ಮೈ ಕನ್‌ಕ್ಯುಬೈನ್' ಅನ್ನು 2016ರಲ್ಲಿ ವೆಸ್ಟ್ ಕೌಲೂನ್ ಸಂಸ್ಥೆ ಪ್ರಾಯೋಗಿಕ ಕ್ಯಾಂಟೊನೀಸ್ ಒಪೆರಾ ಆಗಿ ರೂಪಿಸಿತು. ಅದು ಬಳಿಕ ಚೀನಾದ ಇತರ ನಗರಗಳಿಗೂ ಪ್ರವಾಸ ಹೋಯಿತು. ಸನ್‌ಬೀಮ್ ಥಿಯೇಟರ್ ಕೂಡ ಕೊನೆಯ ವರ್ಷಗಳಲ್ಲಿ ಸುಮ್ಮನೆ ಕೂತಿರಲಿಲ್ಲ. 2019ರಲ್ಲಿ ಅಲ್ಲಿ ಡೊನಾಲ್ಡ್ ಟ್ರಂಪ್ ಪಾತ್ರವಿರುವ ನಾಟಕವೊಂದು ರಂಗವೇರಿ ಜಗತ್ತಿನಾದ್ಯಂತ ಸುದ್ದಿಯಾಯಿತು. ಟ್ರಂಪ್‌ಗೆ ಚೀನಾದಲ್ಲಿ ಅವಳಿ ಸೋದರನಿದ್ದಾನೆ ಎಂಬ ಕಲ್ಪನೆಯ ಆ ನಾಟಕಕ್ಕೆ, ಎಂದೂ ಒಪೆರಾ ನೋಡದವರೂ ಕುತೂಹಲದಿಂದ ಬಂದರು.

ಬೆಳ್ಳಿತೆರೆಯಲ್ಲಿ ಬಿಳಿ ಹಾವು

ಚೀನಾದ ಮುಖ್ಯಭೂಮಿಯಲ್ಲಿ ಅತಿ ದೊಡ್ಡ ಯಶಸ್ಸು ಸಿಕ್ಕಿದ್ದು ಸಿನಿಮಾ ಮೂಲಕ. ಗುವಾಂಗ್‌ಡಾಂಗ್‌ನ ಒಪೆರಾ ತಂಡ ನಟಿ ಝೆಂಗ್ ಶಿಯಾವೊಮಿನ್ ಅವರ ಮುಖ್ಯ ಪಾತ್ರದಲ್ಲಿ ತಯಾರಿಸಿದ 'ವೈಟ್ ಸ್ನೇಕ್' 2021ರ ಮೇನಲ್ಲಿ ಬಿಡುಗಡೆಯಾಯಿತು. ಹೆಣ್ಣಿನ ರೂಪ ತಾಳಿದ ಬಿಳಿ ಹಾವು ಮನುಷ್ಯನನ್ನು ಮದುವೆಯಾಗುವ, ಸನ್ಯಾಸಿಯೊಬ್ಬ ಅವರನ್ನು ಬೇರೆ ಮಾಡುವ, ಆಕೆ ಪ್ರವಾಹವನ್ನೇ ಎಬ್ಬಿಸಿ ಗಂಡನಿಗಾಗಿ ಹೋರಾಡುವ ಜನಪದ ಕಥೆ ಇದು. 4ಕೆ ತಂತ್ರಜ್ಞಾನ, ಕಂಪ್ಯೂಟರ್ ಗ್ರಾಫಿಕ್ಸ್‌ನ ಅಲೆಗಳು, ಹಳೆಯ ಚೀನೀ ಚಿತ್ರಕಲೆಯಂತೆ ಕಾಣುವ ಹಿನ್ನೆಲೆ ಎಲ್ಲವೂ ಇದ್ದವು. ಆದರೆ ಹಾಡು ಕ್ಯಾಂಟೊನೀಸ್‌ನದೇ, ನೀರ ತೋಳಿನ ಬೀಸು ಹಳೆಯದೇ. ಚಿತ್ರದ ಗಳಿಕೆ 2 ಕೋಟಿ ಯುವಾನ್ ದಾಟಿತು. ಸಾಂಪ್ರದಾಯಿಕ ರಂಗಕಲೆಯ ಚಿತ್ರಕ್ಕೆ ಇದು ದಾಖಲೆ. ನೋಡಿ ಮೆಚ್ಚಿದವರಲ್ಲಿ ಯುವಜನರೇ ಹೆಚ್ಚು.

ಆರು ಏರಿಳಿತಗಳ ಗಂಟು

ಬೆಳಕು, ಗ್ರಾಫಿಕ್ಸ್, ಅವಧಿ ಬದಲಿಸಬಹುದು. ಬದಲಿಸಲಾಗದ್ದು ಭಾಷೆ. ಕ್ಯಾಂಟೊನೀಸ್‌ನಲ್ಲಿ ಆರು ಬಗೆಯ ಸ್ವರದ ಏರಿಳಿತಗಳಿವೆ. 'ಸೀ' ಎಂಬ ಒಂದೇ ಉಚ್ಚಾರವನ್ನು ಆರು ಏರಿಳಿತದಲ್ಲಿ ಹೇಳಿದರೆ ಕವಿತೆ, ಇತಿಹಾಸ, ಪ್ರಯತ್ನ, ಸಮಯ, ಮಾರುಕಟ್ಟೆ, ವಿಷಯ ಎಂದು ಆರು ಬೇರೆ ಅರ್ಥ ಬರುತ್ತದೆ. ಆದ್ದರಿಂದ ಹಾಡಿನ ಧಾಟಿ ಮೇಲೇರಿದಾಗ ಪದದ ಸ್ವರವೂ ಮೇಲೇರಬೇಕು, ಇಳಿದಾಗ ಇಳಿಯಬೇಕು. ಇಲ್ಲದಿದ್ದರೆ ಅರ್ಥವೇ ಕೆಡುತ್ತದೆ. ಸಿದ್ಧ ಧಾಟಿಗೆ ಹಾಡು ಬರೆಯುವವರು ಪ್ರತಿ ಪದವನ್ನೂ ಈ ತಕ್ಕಡಿಯಲ್ಲಿ ತೂಗುತ್ತಾರೆ. ಇನ್ನು ಕೆಲವು ಪ್ರಕಾರದ ಹಾಡುಗಳಲ್ಲಿ ಗಾಯಕರೇ ಪದದ ಸ್ವರಕ್ಕೆ ತಕ್ಕಂತೆ ಧಾಟಿಯನ್ನು ಮಾರ್ಪಡಿಸಿಕೊಳ್ಳುತ್ತಾರೆ.

ಇದನ್ನು ಮ್ಯಾಂಡರಿನ್‌ಗೆ ಅನುವಾದಿಸಿದರೆ ಉಳಿಯುವುದು ಕಥೆ ಮಾತ್ರ, ಸಂಗೀತವಲ್ಲ. ಹೀಗಾಗಿ ಈ ಕಲೆಯ ಭವಿಷ್ಯ ಭಾಷೆಯ ಭವಿಷ್ಯಕ್ಕೆ ಅಂಟಿಕೊಂಡಿದೆ. ಗುವಾಂಗ್‌ಡಾಂಗ್‌ನ ಶಾಲೆಗಳಲ್ಲಿ ಕಲಿಕೆ ಮ್ಯಾಂಡರಿನ್‌ನಲ್ಲಿ ನಡೆಯುತ್ತದೆ. 2010ರಲ್ಲಿ ಗುವಾಂಗ್‌ಝೌ ಟಿವಿಯ ಕಾರ್ಯಕ್ರಮಗಳನ್ನು ಮ್ಯಾಂಡರಿನ್‌ಗೆ ಬದಲಿಸುವ ಪ್ರಸ್ತಾವ ಬಂದಾಗ ಜನ ಬೀದಿಗಿಳಿದು ವಿರೋಧಿಸಿದ್ದರು. ಮನೆಮಾತಾಗಿ ಕ್ಯಾಂಟೊನೀಸ್ ಕೇಳಿಸಿಕೊಳ್ಳದೆ ಬೆಳೆದ ಮಗು ರಂಗದ ಬಣ್ಣಕ್ಕೆ ಮರುಳಾಗಬಹುದು, ಆದರೆ ಹಾಡಿನ ಸೂಕ್ಷ್ಮ ಅದರ ಕಿವಿಗೆ ತಟ್ಟುವುದು ಕಷ್ಟ. ಹಾಂಗ್‌ಕಾಂಗ್‌ನ ಹೊಸ ಕೇಂದ್ರದ ಹೆಸರಿನಲ್ಲಿರುವ 'ಶೀಚು' ಕೂಡ ಮ್ಯಾಂಡರಿನ್ ಉಚ್ಚಾರವೇ. ಅದೇ ಲಿಪಿಯನ್ನು ಊರಿನವರು ಓದುವುದು 'ಹೇ ಕುಕ್' ಎಂದು.

ಬಿದಿರಿನ ಚಪ್ಪರದ ಆಸರೆ

ಇನ್ನೊಂದು ಪ್ರಶ್ನೆ ಕಲಾವಿದರ ತರಬೇತಿಯದು. ಒಪೆರಾ ನಟ ತಯಾರಾಗುವುದು ತರಗತಿಯಲ್ಲಿ ಮಾತ್ರವಲ್ಲ, ರಾತ್ರಿ ಮೇಲೆ ರಾತ್ರಿ ಜನರೆದುರು ನಿಂತು. ಹಾಂಗ್‌ಕಾಂಗ್‌ನಲ್ಲಿ ಈ ಅವಕಾಶ ಕೊಡುವುದು ಹಳ್ಳಿ, ದ್ವೀಪಗಳಲ್ಲಿ ನಡೆಯುವ ದೇವರ ಆಟಗಳು. ಕಡಲದೇವತೆ ತಿನ್ ಹೌ ಮೊದಲಾದ ದೇವರ ಹುಟ್ಟುಹಬ್ಬಕ್ಕೆ ಊರಿನವರು ಹಣ ಕೂಡಿಸಿ ತಂಡವನ್ನು ಕರೆಸುತ್ತಾರೆ. ಬಿದಿರು ಕಟ್ಟಿ ಎಬ್ಬಿಸಿದ ಬೃಹತ್ ಚಪ್ಪರದಲ್ಲಿ ಹಲವು ದಿನ ನಾಟಕ ನಡೆದು, ಬಳಿಕ ಚಪ್ಪರವನ್ನು ಬಿಚ್ಚಲಾಗುತ್ತದೆ. ಮೊದಲ ಪ್ರೇಕ್ಷಕ ದೇವರು, ಆಮೇಲೆ ಜನ. ಹಿಂದೆಂದೂ ಆಟ ನಡೆಯದ ನೆಲವಾದರೆ ಮೊದಲು 'ಬಿಳಿ ಹುಲಿ'ಯನ್ನು ಶಾಂತಗೊಳಿಸುವ ವಿಧಿಯನ್ನು ನಟರೇ ನಡೆಸುತ್ತಾರೆ. ಕರಾವಳಿಯ ಯಕ್ಷಗಾನ ಮೇಳಗಳ ಹರಕೆ ಆಟ ಕಂಡವರಿಗೆ ಈ ವ್ಯವಸ್ಥೆ ಅಪರಿಚಿತವೆನಿಸದು. ಟಿಕೆಟ್ ಮಾರಾಟದ ಚಿಂತೆಯಿಲ್ಲದೆ ತಂಡಕ್ಕೆ ಸಂಭಾವನೆ ಸಿಗುತ್ತದೆ, ಚಿಕ್ಕ ಪಾತ್ರದ ಹೊಸಬರಿಗೂ ರಂಗ ಸಿಗುತ್ತದೆ.

ನಗರದಲ್ಲಿ ಇದಕ್ಕೆ ಪರ್ಯಾಯವಾಗಿ ಬೆಳೆದಿರುವುದು ಯಾವ್ ಮಾ ಟೇ ಥಿಯೇಟರ್. 1930ರಲ್ಲಿ ಕಟ್ಟಿದ ಈ ಹಳೆಯ ಚಿತ್ರಮಂದಿರ ದುರಸ್ತಿಯಾಗಿ 2012ರಲ್ಲಿ 300 ಆಸನಗಳ ಒಪೆರಾ ರಂಗಮಂದಿರವಾಯಿತು. ಕಲಾವಿದರ ಸಂಘ ಇಲ್ಲಿ ಯುವ ನಟರಿಗೆಂದೇ ನಿಯಮಿತ ಪ್ರದರ್ಶನಗಳನ್ನು ನಡೆಸುತ್ತದೆ. ಹಿರಿಯರು ಮಾರ್ಗದರ್ಶನ ಮಾಡುತ್ತಾರೆ, ಮುಖ್ಯ ಪಾತ್ರ ಕಿರಿಯರದು. ಹಾಂಗ್‌ಕಾಂಗ್ ಅಕಾಡೆಮಿ ಫಾರ್ ಪರ್ಫಾರ್ಮಿಂಗ್ ಆರ್ಟ್ಸ್‌ನಲ್ಲಿ ಚೀನೀ ಒಪೆರಾದಲ್ಲೇ ಪದವಿ ಪಡೆಯಬಹುದು. ಆದರೆ ಪದವಿ ಪಡೆದವರು ವರ್ಷಕ್ಕೆ ಎಷ್ಟು ರಾತ್ರಿ ಬಣ್ಣ ಹಚ್ಚುತ್ತಾರೆ ಎಂಬುದೇ ಅವರ ಬೆಳವಣಿಗೆಯನ್ನು ತೀರ್ಮಾನಿಸುತ್ತದೆ.

ಸನ್‌ಬೀಮ್ ಮುಚ್ಚಿದ್ದರಿಂದ ಆದ ನಷ್ಟವೂ ಇದೇ. ಅಲ್ಲಿ ದೊಡ್ಡ ತಾರೆಗಳ ಜೊತೆ ಸಾಧಾರಣ ತಂಡಗಳೂ ರಂಗವೇರುತ್ತಿದ್ದವು. ಶೀಚು ಸೆಂಟರ್‌ನ ಕಟ್ಟಡ ಭವ್ಯವಾಗಿದೆ, 'ವೈಟ್ ಸ್ನೇಕ್' ಹೊಸ ಕಣ್ಣುಗಳನ್ನು ಸೆಳೆದಿದೆ. ಹೊಸ ನಾಟಕ ಬರೆಯುವುದು, ಹಳೆಯದನ್ನು ಹೊಸದಾಗಿ ಆಡುವುದು ಈ ಕಲೆಗೆ ಎಂದೂ ಕಷ್ಟವಾಗಿರಲಿಲ್ಲ. ಒಮ್ಮೆ ಬಂದ ಪ್ರೇಕ್ಷಕ ಮತ್ತೆ ಬರಬೇಕಾದರೆ ಹಾಡು ಅವನ ಕಿವಿಗೆ ಅರ್ಥವಾಗಬೇಕು, ಹಾಡುವ ಯುವ ನಟನಿಗೆ ನಾಳೆ ರಾತ್ರಿಯೂ ರಂಗವಿರಬೇಕು. ಕ್ಯಾಂಟೊನೀಸ್ ಒಪೆರಾದ ಮುಂದಿನ ಪೀಳಿಗೆ ನಿಂತಿರುವುದು ಈ ಎರಡರ ಮೇಲೆ.