ಗಣಕಯಂತ್ರದ ಆಟ: ಸ್ವಂತದ್ದೋ, ಲೀವ್ ಅಂಡ್ ಲೈಸೆನ್ಸೋ?

ಮಾಟುಂಗಾದ ಕಿಂಗ್ಸ್ ಸರ್ಕಲ್ ಸಮೀಪದ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕಗಳನ್ನು ಜೋಡಿಸಿಟ್ಟುಕೊಂಡು ಕುಳಿತ ವ್ಯಾಪಾರಿಗಳನ್ನು ಕಾಣದ ಮುಂಬಯಿ ಕನ್ನಡಿಗರು ವಿರಳ. ವರ್ಷಾರಂಭದಲ್ಲಿ ಕಡಿಮೆ ಬೆಲೆಗೆ ಪಠ್ಯಪುಸ್ತಕವನ್ನು ಕೊಂಡು, ಪರೀಕ್ಷೆ ಮುಗಿದೊಡನೆ ಅದನ್ನು ಅಲ್ಲಿಯೇ ಮಾರಿ, ಬಂದ ಹಣಕ್ಕೆ ಇನ್ನಷ್ಟು ಸೇರಿಸಿ ಮುಂದಿನ ವರ್ಷದ ಪುಸ್ತಕವನ್ನು ಒಯ್ಯುವ ಪದ್ಧತಿಯು ಎಷ್ಟೋ ಮಧ್ಯಮವರ್ಗದ ಮನೆಗಳ ವಿದ್ಯಾಭ್ಯಾಸದ ಹೊರೆಯನ್ನು ಹಗುರಗೊಳಿಸಿದೆ. ಇದರ ಹಿಂದಿರುವ ತತ್ತ್ವ ಬಹು ಸರಳವಾದುದು. ಹಣ ಕೊಟ್ಟು ಕೊಂಡ ಪುಸ್ತಕದ ಪ್ರತಿ ಕೊಂಡವನದು. ಅವನು ಅದನ್ನು ಮಾರಬಹುದು, ತಮ್ಮನಿಗೆ ಕೊಡಬಹುದು, ಅಟ್ಟದ ಮೇಲೆ ಇಟ್ಟು ಮರೆತೂ ಬಿಡಬಹುದು. ಗಣಕಯಂತ್ರದ ಆಟಗಳ ಮಟ್ಟಿಗೆ ಈ ತತ್ತ್ವವು ಕಳೆದ ಇಪ್ಪತ್ತು ವರ್ಷಗಳಲ್ಲಿ ಸದ್ದಿಲ್ಲದೆ ಸಡಿಲಗೊಂಡಿದೆ ಎಂಬ ಸಂಗತಿ ಅನೇಕ ತಂದೆತಾಯಿಗಳ ಗಮನಕ್ಕೆ ಬಂದಂತಿಲ್ಲ.

ಇದು ಮಕ್ಕಳಾಟಿಕೆಯ ವಿಷಯವೆಂದು ಹಿರಿಯರು ಪುಟ ತಿರುಗಿಸುವ ಮುನ್ನ ಬೆಲೆಯತ್ತ ಒಮ್ಮೆ ಕಣ್ಣು ಹಾಯಿಸುವುದು ಲೇಸು. ಸೋನಿ ಸಂಸ್ಥೆಯ ಪ್ಲೇಸ್ಟೇಷನ್ 5 ಯಂತ್ರವು 2021ರ ಫೆಬ್ರವರಿ 2ರಂದು ಭಾರತದಲ್ಲಿ ಮಾರಾಟಕ್ಕೆ ಬಂದಾಗ ಡಿಸ್ಕ್ ಹಾಕಲು ಅನುಕೂಲವುಳ್ಳ ಮಾದರಿಗೆ 49,990 ರೂಪಾಯಿ, ಕೇವಲ ಡೌನ್‌ಲೋಡನ್ನು ನೆಚ್ಚಿದ ಡಿಜಿಟಲ್ ಮಾದರಿಗೆ 39,990 ರೂಪಾಯಿ ಬೆಲೆಯಿತ್ತು. ಸಂಸ್ಥೆಯ ದೊಡ್ಡ ಆಟಗಳ ಬೆಲೆ ಒಂದೊಂದಕ್ಕೆ 4,999 ರೂಪಾಯಿಯವರೆಗೂ ಇತ್ತು.

ಮುಲುಂಡಿನ ಎರಡು ಕೋಣೆಗಳ ಮನೆಯಲ್ಲಿ ವಾಸಿಸುವ ಕನ್ನಡ ಕುಟುಂಬವೊಂದನ್ನು ಇಲ್ಲಿ ಕಲ್ಪಿಸಿಕೊಳ್ಳಬಹುದು. ಹಿರಿಯ ಮಗ ಕಾಲೇಜಿನಲ್ಲಿದ್ದಾನೆ, ಕಿರಿಯವನು ಒಂಬತ್ತನೆಯ ತರಗತಿ. “ಅಪ್ಪಾ, ಈಗ ಡಿಸ್ಕ್ ಯಾರು ಕೊಳ್ಳುತ್ತಾರೆ? ಎಲ್ಲವೂ ಡೌನ್‌ಲೋಡೇ” ಎಂದು ಮಗ ಹೇಳಿದಾಗ, ಹತ್ತು ಸಾವಿರ ಉಳಿಯುತ್ತದೆಂಬ ಸಮಾಧಾನದಿಂದ ತಂದೆಯೂ ತಲೆಯಾಡಿಸುವುದು ಸಹಜ. ಆದರೆ ಲೆಕ್ಕ ಅಷ್ಟಕ್ಕೇ ಮುಗಿಯುವುದಿಲ್ಲ. 4,999ಕ್ಕೆ ಕೊಂಡ ಡಿಸ್ಕನ್ನು, ಆಟ ಮುಗಿದ ಮೇಲೆ 3,000ಕ್ಕೆ ಮಾರಿದರೆಂದು ಇಟ್ಟುಕೊಂಡರೆ, ಆ ಆಟದ ನಿಜವಾದ ಖರ್ಚು 1,999 ಮಾತ್ರ. ಹೀಗೆ ಐದು ಆಟಗಳನ್ನು ಮಾರುವುದರೊಳಗೆ 15,000 ರೂಪಾಯಿ ಕೈಗೆ ಮರಳುತ್ತದೆ. ಯಂತ್ರದ ಬೆಲೆಯ ಅಂತರ ತುಂಬಿ ಐದು ಸಾವಿರ ಮಿಗುತ್ತದೆ. ಅಗ್ಗದ ಯಂತ್ರವನ್ನು ಕೊಂಡವರಿಗಾದರೋ ಮಾರಲು ಏನೂ ಇರುವುದಿಲ್ಲ, ಹಳೆಯದನ್ನು ಕೊಳ್ಳುವ ದಾರಿಯೂ ಇಲ್ಲ. ಒಂದೇ ಅಂಗಡಿ, ಅದು ಹೇಳಿದ್ದೇ ಬೆಲೆ. ಈಚಿನ ಡಿಜಿಟಲ್ ಮಾದರಿಗಳಿಗೆ ಡಿಸ್ಕ್ ಓದುವ ಭಾಗವನ್ನು ಬೇರೆಯಾಗಿ ಕೊಂಡು ಜೋಡಿಸಲು ಅವಕಾಶ ಕಲ್ಪಿಸಿರುವುದು ಸ್ವಾಗತಾರ್ಹವೇ ಸರಿ.

ಡೌನ್‌ಲೋಡಿನ ಪರವಾಗಿಯೂ ಒಂದು ಮಾತನ್ನು ಹೇಳಲೇಬೇಕು. ಈ ಅಂಗಡಿಗಳು ಆಗಾಗ್ಗೆ ಭಾರಿ ರಿಯಾಯಿತಿಯನ್ನು ಸಾರುತ್ತವೆ. ವರ್ಷವೆರಡು ವರ್ಷ ಕಾಯುವ ತಾಳ್ಮೆಯುಳ್ಳವರಿಗೆ ಅರ್ಧಕ್ಕಿಂತ ಕಡಿಮೆ ಬೆಲೆಗೆ ಆಟ ದೊರೆಯುವುದುಂಟು. ಆದರೆ ತಾಳ್ಮೆಯೆಂಬುದು ಹದಿನೈದರ ಹರೆಯದಲ್ಲಿ ಹೇರಳವಾಗಿ ದೊರೆಯುವ ವಸ್ತುವಲ್ಲ.

ಹಿಂದೆ ಇಂಥ ಆಯ್ಕೆಯ ಪ್ರಶ್ನೆಯೇ ಇರಲಿಲ್ಲ. 1990ರ ದಶಕದಲ್ಲಿ ಟಿ.ವಿ.ಗೆ ಜೋಡಿಸುವ ಆಟದ ಯಂತ್ರಗಳಿಗೆ ಕಾರ್ಟ್ರಿಜ್‌ಗಳು ಬರುತ್ತಿದ್ದುವು. ಮಕ್ಕಳು ಅವನ್ನು ‘ಕ್ಯಾಸೆಟ್’ ಎಂದೇ ಕರೆದು, ಬಿಲ್ಡಿಂಗಿನ ಒಂದು ಮಹಡಿಯಿಂದ ಇನ್ನೊಂದಕ್ಕೆ ಅದಲುಬದಲು ಮಾಡಿಕೊಳ್ಳುತ್ತಿದ್ದರು. ಗಣಕಯಂತ್ರ ಮನೆಗೆ ಬಂದ ಮೇಲೆ ಗ್ರಾಂಟ್ ರೋಡ್ ನಿಲ್ದಾಣದ ಬಳಿಯ ಲ್ಯಾಮಿಂಗ್‌ಟನ್ ರೋಡ್ ಆಟದ ಸಿ.ಡಿ.ಗಳ ಯಾತ್ರಾಸ್ಥಳವಾಯಿತು. ಆ ರಸ್ತೆಯ ಅಧಿಕೃತ ನಾಮಧೇಯ ಡಾ. ದಾದಾಸಾಹೇಬ್ ಭಡ್ಕಂಕರ್ ಮಾರ್ಗವೆಂಬುದು ಫಲಕಗಳಿಗಷ್ಟೇ ಸೀಮಿತ. ನಗರದ ಬೀದಿಬದಿಗಳಲ್ಲಿ ಕಳ್ಳಪ್ರತಿಗಳೂ ಧಾರಾಳವಾಗಿ ಬಿಕರಿಯಾಗುತ್ತಿದ್ದುವೆಂಬುದನ್ನು ಮರೆಮಾಚಬೇಕಾಗಿಲ್ಲ. ವಿ.ಎಸ್.ಎನ್.ಎಲ್. ಸಂಸ್ಥೆಯು 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್‌ನೆಟ್ ಸೌಲಭ್ಯವನ್ನು ತೆರೆದಿತ್ತಾದರೂ, ದೂರವಾಣಿ ತಂತಿಯ ಮೇಲೆ ಆಟವನ್ನು ತರಿಸಿಕೊಳ್ಳುವ ಮಾತು ದೂರವೇ ಉಳಿಯಿತು. 700 ಮೆಗಾಬೈಟಿನ ಒಂದು ಸಿ.ಡಿ.ಯ ಸರಕನ್ನು ಸೆಕೆಂಡಿಗೆ 56 ಕಿಲೋಬಿಟ್ ವೇಗದ ಮೋಡೆಮ್‌ನಲ್ಲಿ ಇಳಿಸಿಕೊಳ್ಳಲು, ಒಮ್ಮೆಯೂ ತಂತಿ ಕಡಿಯದಿದ್ದರೆ, ಸುಮಾರು 28 ಗಂಟೆಗಳು ಬೇಕು. ಅಷ್ಟು ಹೊತ್ತು ಮನೆಯ ಫೋನು ಯಾರಿಗೂ ಸಿಗುವಂತಿಲ್ಲ. ಊರಿನಿಂದ ಅಜ್ಜಿ ಕರೆ ಮಾಡಿದ್ದರೆ ಅವಾಂತರವೇ! ಇಂದು ಸೆಕೆಂಡಿಗೆ 100 ಮೆಗಾಬಿಟ್ ವೇಗದ ಸಂಪರ್ಕದಲ್ಲಿ 100 ಗಿಗಾಬೈಟಿನ ಆಟವೂ ಎರಡೂಕಾಲು ಗಂಟೆಯಲ್ಲಿ ಇಳಿದುಬರುತ್ತದೆ.

ಈ ಬದಲಾವಣೆಯ ಹರಿಕಾರನೆಂದರೆ ಅಮೆರಿಕದ ವಾಲ್ವ್ ಸಂಸ್ಥೆಯು 2003ರ ಸೆಪ್ಟೆಂಬರಿನಲ್ಲಿ ಆರಂಭಿಸಿದ ‘ಸ್ಟೀಮ್’ ಎಂಬ ವ್ಯವಸ್ಥೆ. ಮರುವರ್ಷ ಬಿಡುಗಡೆಯಾದ ‘ಹಾಫ್-ಲೈಫ್ 2’ ಆಟದ ಡಿಸ್ಕನ್ನು ಅಂಗಡಿಯಿಂದಲೇ ತಂದವರೂ ಸ್ಟೀಮ್‌ನಲ್ಲಿ ಖಾತೆ ತೆರೆಯದೆ ಆಡುವಂತಿರಲಿಲ್ಲ. ಡಿಸ್ಕ್ ಕೈಯಲ್ಲಿದ್ದರೂ ಬೀಗದಕೈ ಬೇರೆಲ್ಲೋ ಇರುವ ಪದ್ಧತಿ ಅಲ್ಲಿಂದ ಮುಂದೆ ಬಲವಾಗಿ ಬೇರೂರಿತು. 2015ರ ನವೆಂಬರಿನಲ್ಲಿ ಸ್ಟೀಮ್ ನಮ್ಮ ರೂಪಾಯಿಯಲ್ಲಿಯೇ ಬೆಲೆ ನಮೂದಿಸತೊಡಗಿದ ಮೇಲೆ ಇಲ್ಲಿನ ಮನೆಗಳಲ್ಲಿಯೂ ಅದರ ಬಳಕೆ ಸಲೀಸಾಯಿತು.

ಹಾಗಾದರೆ ಡೌನ್‌ಲೋಡಿಗೆ ಹಣ ತೆತ್ತವನು ಕೊಂಡದ್ದಾದರೂ ಏನನ್ನು? ಸ್ಟೀಮ್‌ನ ಕರಾರುಪತ್ರವು ಆಟವನ್ನು ಮಾರಲಾಗಿಲ್ಲ, ಬಳಕೆಗೆ ಪರವಾನಗಿ ನೀಡಲಾಗಿದೆ ಎಂದು ಸ್ಪಷ್ಟವಾಗಿ ಹೇಳುತ್ತದೆ. ಖಾತೆಯನ್ನು ಮತ್ತೊಬ್ಬರಿಗೆ ಮಾರುವಂತಿಲ್ಲ, ವರ್ಗಾಯಿಸುವಂತಿಲ್ಲ. ಮುಂಬಯಿಯಲ್ಲಿ ಬಾಡಿಗೆಮನೆ ಹುಡುಕಿದವರಿಗೆ ಈ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸ್ವಂತ ಫ್ಲ್ಯಾಟು ಒಂದು ಬಗೆ, ಪಗಡಿಯ ಹಳೆಯ ಕೋಣೆ ಇನ್ನೊಂದು ಬಗೆ, ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸ್ ಮತ್ತೊಂದೇ ಬಗೆ. ಲೈಸೆನ್ಸಿನ ಮನೆಯ ಗೋಡೆಗೆ ಎಷ್ಟೇ ಚಂದದ ಬಣ್ಣ ಹೊಡೆಸಿದರೂ ಗೋಡೆ ಮಾಲೀಕನದೇ. 1882ರ ಈಸ್‌ಮೆಂಟ್ಸ್ ಕಾಯಿದೆಯು ಸ್ಥಿರಾಸ್ತಿಯ ಲೈಸೆನ್ಸನ್ನು ಕುರಿತು ಹೇಳುವಾಗ, ಲೈಸೆನ್ಸ್ ಪಡೆದವನು ಸಾಮಾನ್ಯವಾಗಿ ಅದನ್ನು ಇತರರಿಗೆ ವರ್ಗಾಯಿಸಲಾರನೆಂದು ತಿಳಿಸಿ, ಸಾರ್ವಜನಿಕ ಮನರಂಜನೆಯ ಸ್ಥಳಕ್ಕೆ ಹೋಗುವ ಲೈಸೆನ್ಸಿಗೆ ಮಾತ್ರ ವಿನಾಯಿತಿ ಕೊಡುತ್ತದೆ. ಅಂದರೆ ಜ್ವರ ಬಂದು ನಾಟಕಕ್ಕೆ ಹೋಗಲಾರದವನು ತನ್ನ ಟಿಕೇಟನ್ನು ನೆರೆಯವನಿಗೆ ಕೊಡಬಹುದು. ನಲವತ್ತು ರೂಪಾಯಿಯ ಟಿಕೇಟಿಗೆ ನೂರನಲವತ್ತು ವರ್ಷಗಳ ಹಿಂದೆಯೇ ದೊರೆತ ಈ ಸೌಜನ್ಯವು ಐದು ಸಾವಿರದ ಆಟಕ್ಕೆ ಇನ್ನೂ ದೊರೆತಿಲ್ಲ.

ಲೈಸೆನ್ಸ್ ಮುಗಿದರೆ ಏನಾಗುತ್ತದೆಂಬುದಕ್ಕೆ ‘ದ ಕ್ರೂ’ ಎಂಬ ಕಾರು ಓಟದ ಆಟವೇ ನಿದರ್ಶನ. ಫ್ರಾನ್ಸಿನ ಯೂಬಿಸಾಫ್ಟ್ ಸಂಸ್ಥೆ 2014ರಲ್ಲಿ ಹೊರತಂದ ಈ ಆಟವು ಸಂಸ್ಥೆಯ ಸರ್ವರ್‌ಗಳ ಸಂಪರ್ಕವಿಲ್ಲದೆ ನಡೆಯುತ್ತಿರಲಿಲ್ಲ. 2023ರ ಡಿಸೆಂಬರಿನಲ್ಲಿ ಅದರ ಮಾರಾಟ ನಿಂತಿತು. 2024ರ ಮಾರ್ಚ್ 31ರಂದು ಸರ್ವರ್‌ಗಳೂ ಮುಚ್ಚಿದುವು. ಡೌನ್‌ಲೋಡ್ ಮಾಡಿಕೊಂಡವರ ಪಾಡಿರಲಿ, ಡಿಸ್ಕನ್ನು ಕಪಾಟಿನಲ್ಲಿ ಜೋಪಾನವಾಗಿಟ್ಟವರಿಗೂ ಅದು ಹೊಳೆಯುವ ಬಿಲ್ಲೆಯಾಗಿಯೇ ಉಳಿಯಿತು. ಇದರಿಂದ ಕೆರಳಿದ ಆಟಗಾರರು ಆರಂಭಿಸಿದ ಚಳುವಳಿಗೆ ಯುರೋಪಿನಲ್ಲಿ 2025ರ ಜುಲೈ ವೇಳೆಗೆ 10 ಲಕ್ಷಕ್ಕೂ ಹೆಚ್ಚು ಮಂದಿ ಸಹಿ ಹಾಕಿದರು. ಕ್ಯಾಲಿಫೋರ್ನಿಯಾ ರಾಜ್ಯವಾದರೋ 2025ರ ಜನವರಿ 1ರಿಂದ, ದೊರೆಯುತ್ತಿರುವುದು ಲೈಸೆನ್ಸ್ ಮಾತ್ರವೆಂದು ತಿಳಿಸದೆ ಇಂಥ ಸರಕಿನ ಮೇಲೆ ‘ಕೊಳ್ಳಿರಿ’ ಎಂಬ ಪದವನ್ನು ಬಳಸಕೂಡದೆಂದು ಕಾನೂನು ಮಾಡಿದೆ. ನಮ್ಮಲ್ಲಿ ಸರ್ವೋಚ್ಚ ನ್ಯಾಯಾಲಯವು 2004ರಲ್ಲಿ, ಟಾಟಾ ಕನ್ಸಲ್ಟೆನ್ಸಿ ಸರ್ವಿಸಸ್ ಹಾಗೂ ಆಂಧ್ರಪ್ರದೇಶ ಸರ್ಕಾರದ ನಡುವಣ ಮೊಕದ್ದಮೆಯಲ್ಲಿ, ಡಿಸ್ಕಿನಲ್ಲಿ ತುಂಬಿ ಮಾರುವ ಸಿದ್ಧ ತಂತ್ರಾಂಶವು ಮಾರಾಟ ತೆರಿಗೆಯ ದೃಷ್ಟಿಯಿಂದ ‘ಸರಕು’ ಎಂದೇ ತೀರ್ಪಿತ್ತಿತ್ತು. ಡಿಸ್ಕಿನ ಪ್ರತಿಷ್ಠೆಗೆ ಇದಕ್ಕಿಂತ ಒಳ್ಳೆಯ ಪ್ರಶಸ್ತಿಪತ್ರ ಬೇಕಿಲ್ಲ.

ವಸ್ತು ಕಣ್ಣಿಗೆ ಕಾಣದಾದ ಮಾತ್ರಕ್ಕೆ ಒಡೆತನವೂ ಹೋಗಲೇಬೇಕೇ ಎಂಬುದು ಇಲ್ಲಿ ಏಳುವ ಮುಖ್ಯ ಪ್ರಶ್ನೆ. ಇದಕ್ಕೆ ಉತ್ತರವನ್ನು ಮುಂಬಯಿ ನಗರವೇ ಕೊಟ್ಟಿದೆ. ಷೇರುಗಳು ಕಾಗದದ ಸರ್ಟಿಫಿಕೇಟುಗಳಾಗಿದ್ದ ಕಾಲವನ್ನು ದಲಾಲ್ ಸ್ಟ್ರೀಟಿನ ಒಡನಾಟವಿದ್ದವರು ಮರೆತಿರಲಾರರು. ಸಹಿ ಹೊಂದಲಿಲ್ಲವೆಂದು ಮರಳಿ ಬಂದ ವರ್ಗಾವಣೆ ಅರ್ಜಿಗಳು, ಅಂಚೆಯಲ್ಲಿ ಕಳೆದುಹೋದ ಲಕೋಟೆಗಳು, ನಕಲಿ ಸರ್ಟಿಫಿಕೇಟುಗಳು ಒಂದೆರಡಲ್ಲ. 1996ರಲ್ಲಿ ಡಿಪಾಸಿಟರಿ ಕಾಯಿದೆ ಜಾರಿಗೆ ಬಂದು, ಅದೇ ವರ್ಷ ಮುಂಬಯಿಯಲ್ಲಿ ಎನ್.ಎಸ್.ಡಿ.ಎಲ್. ಸಂಸ್ಥೆ ಕಾರ್ಯಾರಂಭ ಮಾಡಿದ ಮೇಲೆ ಕಾಗದವು ಕ್ರಮೇಣ ಮಾಯವಾಯಿತು. ಕಾಗದ ಹೋಯಿತೇ ಹೊರತು ಹಕ್ಕು ಹೋಗಲಿಲ್ಲ. ಡಿಮ್ಯಾಟ್ ಖಾತೆಯಲ್ಲಿರುವ ಷೇರನ್ನು ಮಾರಬಹುದು, ದಾನ ಮಾಡಬಹುದು. ಖಾತೆದಾರನ ಮರಣಾನಂತರ ಅದು ಹೆಂಡತಿ ಮಕ್ಕಳಿಗೆ ಸಲ್ಲುತ್ತದೆ. ಷೇರು ಹೊರಡಿಸಿದ ಕಂಪನಿ ಒಂದು, ಅದರ ಲೆಕ್ಕವಿಡುವ ಸಂಸ್ಥೆ ಬೇರೊಂದು, ಇವೆರಡರ ಮೇಲೂ ಕಣ್ಣಿಡಲು ಸೆಬಿ ಇದೆ. ಬ್ಯಾಂಕ್ ಠೇವಣಿಗಳಿಗಂತೂ 2025ರ ನವೆಂಬರ್ 1ರಿಂದ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಬಹುದಾಗಿದೆ. ಆಟದ ಖಾತೆಯಲ್ಲಿ ಮಾರುವವನೇ ಲೆಕ್ಕಿಗ, ಅವನೇ ಕಾವಲುಗಾರ. ಡಿಮ್ಯಾಟನ್ನು ಕಟ್ಟಿ ನಿಲ್ಲಿಸಬಲ್ಲವರಿಗೆ ಆಟದ ಪ್ರತಿಯೊಂದನ್ನು ಒಬ್ಬರಿಂದೊಬ್ಬರಿಗೆ ವರ್ಗಾಯಿಸುವ ಏರ್ಪಾಡು ಅಸಾಧ್ಯವೇನಲ್ಲ. ಅದಕ್ಕೆ ಬೇಕಾದ ಮನಸ್ಸು ಮಾರಾಟಗಾರರಿಗಿಲ್ಲ ಅಷ್ಟೆ. ಸ್ಟೀಮ್ 2024ರಲ್ಲಿ ಒಂದೇ ಮನೆಯ ಆರು ಮಂದಿಯವರೆಗೆ ಆಟಗಳನ್ನು ಹಂಚಿಕೊಳ್ಳುವ ಸೌಲಭ್ಯವನ್ನು ತಂದಿರುವುದು ನಿಜ. ಆದರೆ ಅದು ಅತಿಥಿಯನ್ನು ಮನೆಯಲ್ಲಿರಿಸಿಕೊಳ್ಳಲು ಮಾಲೀಕ ಕೊಡುವ ಅಪ್ಪಣೆಯಂತೆ.

ಹಾಗೆಂದು ಡಿಸ್ಕನ್ನು ಅಮರವೆಂದು ಭ್ರಮಿಸುವುದೂ ತರವಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ ಕುರ್ಲಾ, ಕಲೀನಾಗಳ ನೆಲಮಹಡಿಯ ಮನೆಗಳಲ್ಲಿ ಫೋಟೋ ಆಲ್ಬಮ್ಮುಗಳೂ ಸರ್ಟಿಫಿಕೇಟುಗಳೂ ಕೆಸರಾದುದನ್ನು ಕಂಡವರಿದ್ದಾರೆ. ಕೈಗೆ ಸಿಗುವ ವಸ್ತುವಿಗೆ ಕೈಗೆ ಸಿಗುವ ವಿಪತ್ತೂ ಉಂಟು. ಮಳೆಗಾಲದ ತೇವಕ್ಕೆ ಡಿಸ್ಕಿನ ಮೇಲೆ ಬೂಷ್ಟು ಹಿಡಿಯುತ್ತದೆ, ಮಕ್ಕಳ ಕೈಯಲ್ಲಿ ಗೀರು ಬೀಳುತ್ತದೆ. ಇಂದಿನ ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ಹಾಕುವ ಜಾಗವೇ ಕಾಣಸಿಗದು. ಆದುದರಿಂದ ಗಣಕಯಂತ್ರದಲ್ಲಿ ಆಡುವವರಿಗೆ ಆಯ್ಕೆ ಬಹುಮಟ್ಟಿಗೆ ಮುಗಿದುಹೋಗಿದೆ, ಅದು ಉಳಿದಿರುವುದು ಟಿ.ವಿ.ಗೆ ಜೋಡಿಸುವ ಯಂತ್ರಗಳಲ್ಲಿ. ಅಲ್ಲಿಯೂ ಮೋಸಹೋಗುವ ಸಂಭವವುಂಟು. ನಿಂಟೆಂಡೊ ಸಂಸ್ಥೆಯು 2025ರಲ್ಲಿ ಹೊರತಂದ ಸ್ವಿಚ್ 2 ಯಂತ್ರದ ಕೆಲವು ಕಾರ್ಡುಗಳಲ್ಲಿ ಆಟವೇ ಇರುವುದಿಲ್ಲ, ಡೌನ್‌ಲೋಡಿನ ಬೀಗದಕೈ ಮಾತ್ರ ಇರುತ್ತದೆ. ಅಂಥ ಕಾರ್ಡನ್ನು ಇನ್ನೊಬ್ಬರಿಗೆ ಮಾರಬಹುದೆಂಬುದೇನೋ ನಿಜ. ಆದರೆ ಡೌನ್‌ಲೋಡಿನ ಅಂಗಡಿ ಮುಚ್ಚಿದ ದಿನ ಹೊಸಬನಿಗೆ ಅದರಿಂದ ಉಪಯೋಗವಿಲ್ಲ. ಆದುದರಿಂದ ಡಬ್ಬಿಯ ಹೊರಮೈಯ ಸಣ್ಣ ಅಕ್ಷರಗಳನ್ನು ಫಿಕ್ಸೆಡ್ ಡಿಪಾಸಿಟ್ ರಸೀತಿಯನ್ನು ಓದುವಷ್ಟೇ ಶ್ರದ್ಧೆಯಿಂದ ಓದುವುದು ವಿಹಿತ.

ಡೌನ್‌ಲೋಡಿನಲ್ಲಿಯೂ ಒಡೆತನಕ್ಕೆ ಹತ್ತಿರವಾದ ಒಂದು ದಾರಿಯಿದೆ. 2008ರಲ್ಲಿ ಪೋಲೆಂಡಿನಿಂದ ಆರಂಭವಾದ ‘ಗಾಗ್’ ಎಂಬ ಅಂಗಡಿಯು ಬೀಗವಿಲ್ಲದ ಕಡತವನ್ನೇ ಕೊಡುತ್ತದೆ. ಅದನ್ನು ಬೇರೊಂದು ಹಾರ್ಡ್ ಡಿಸ್ಕಿನಲ್ಲಿ ತೆಗೆದಿಟ್ಟುಕೊಂಡರೆ ನಾಳೆ ಅಂಗಡಿ ಇರಲಿ ಬಿಡಲಿ, ಆಟ ನಡೆಯುತ್ತದೆ. ಮರುಮಾರಾಟದ ಹಕ್ಕು ಇಲ್ಲಿಯೂ ಇಲ್ಲವಾದರೂ ಕಳೆದುಕೊಳ್ಳುವ ಭಯವಿಲ್ಲ.

ಆರೋಗ್ಯದ ಪುಟಗಳುಳ್ಳ ಈ ಸಂಚಿಕೆಯಲ್ಲಿ ಇನ್ನೊಂದು ವಿಷಯವನ್ನೂ ಪ್ರಸ್ತಾಪಿಸಬಹುದು. ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದಲ್ಲಿ 2022ರ ಜನವರಿಯಿಂದ ಆಟದ ಗೀಳು ಒಂದು ವ್ಯಾಧಿಯೆಂದು ಸೇರಿದೆ. ಡಿಸ್ಕ್ ಬೇಕಾದರೆ ಅಂಗಡಿ ತೆರೆಯುವವರೆಗೆ ಕಾಯಬೇಕು, ರೈಲು ಹಿಡಿಯಬೇಕು, ತಂದೆಯಿಂದ ಹಣ ಕೇಳಬೇಕು. ನಡುರಾತ್ರಿ ಹಾಸಿಗೆಯಲ್ಲಿ ಮಲಗಿಯೇ ಕೊಳ್ಳಬಹುದಾದ ಡೌನ್‌ಲೋಡಿಗೆ ಇಂಥ ಅಡೆತಡೆಗಳಿಲ್ಲ. ಡಿಸ್ಕ್ ಕೊಂಡರೆ ಗೀಳು ಹತ್ತದೆಂದು ಇದರರ್ಥವಲ್ಲ, ಆದರೆ ಯೋಚಿಸಲು ಒಂದು ದಿನದ ವ್ಯವಧಾನವಾದರೂ ಸಿಗುತ್ತದೆ.

ಮುಲುಂಡಿನ ಆ ಮನೆಗೆ ಹಿಂದಿರುಗುವುದಾದರೆ, ಅಂಥವರಿಗೆ ಡಿಸ್ಕ್ ಮಾದರಿಯ ಯಂತ್ರವೇ ಯೋಗ್ಯ. ದೊಡ್ಡ ಬೆಲೆಯ ಆಟಗಳನ್ನು ಡಿಸ್ಕಿನಲ್ಲಿ ಕೊಂಡು, ಮುಗಿದಮೇಲೆ ಕಿರಿಯವನಿಗೆ ಬೇಡವೆನಿಸಿದರೆ ಮಾರುವುದು, ಮುನ್ನೂರು ನಾನೂರು ರೂಪಾಯಿಯ ಚಿಕ್ಕ ಆಟಗಳನ್ನು ಡೌನ್‌ಲೋಡಿಗೆ ಬಿಡುವುದು. ಹಳೆಯ ಡಿಸ್ಕ್ ಕೊಳ್ಳುವಾಗ ಬೆಳಕಿಗೆ ಹಿಡಿದು ಗೀರುಗಳನ್ನು ಪರೀಕ್ಷಿಸಬೇಕು, ಸಾಧ್ಯವಾದರೆ ಅಂಗಡಿಯಲ್ಲಿಯೇ ಹಾಕಿ ನೋಡಿ ರಸೀತಿ ಪಡೆಯಬೇಕು. ಡೌನ್‌ಲೋಡಿನ ಖಾತೆಯನ್ನು ಮಗನ ಸ್ನೇಹಿತನ ಇ-ಮೇಲಿನಲ್ಲಿಯೋ ಊರಿಗೆ ಹೋದಾಗ ಕೊಂಡು ಬಿಸಾಡಿದ ಸಿಮ್ಮಿನ ಸಂಖ್ಯೆಯಲ್ಲಿಯೋ ತೆರೆಯದೆ, ಮನೆಯ ಹಿರಿಯರ ಕಾಯಂ ವಿಳಾಸಕ್ಕೆ ಜೋಡಿಸಬೇಕು. ಹಿರಿಯ ಮಗ ನೌಕರಿಗೆಂದು ಪುಣೆಗೋ ಪರದೇಶಕ್ಕೋ ಹೊರಟಾಗ ಅವನ ಖಾತೆಯ ಆಟಗಳೂ ಅವನೊಂದಿಗೇ ಹೊರಡುತ್ತವೆ. ಕಪಾಟಿನ ಡಿಸ್ಕುಗಳು ಮಾತ್ರ ತಮ್ಮನಿಗೆ ಉಳಿಯುತ್ತವೆ.