ಕಿವಿಗೆ ಒಂದು, ಕಣ್ಣಿಗೆ ಎರಡು

ನಮ್ಮ ವರ್ಗದ ವಿದ್ಯಾರ್ಥಿಯೊಬ್ಬನು ಒಮ್ಮೆ ತನ್ನ ತಂದೆಯವರಿಗೆ ಇಂಗ್ಲಿಷಿನಲ್ಲಿ ಪತ್ರ ಬರೆದನು. 'ಪ್ರಿಯ' ಎಂಬರ್ಥದ 'ಡಿಯರ್' ಶಬ್ದವನ್ನು ಡಿ-ಇ-ಎ-ಆರ್ ಎಂದು ಬರೆಯುವ ಬದಲು ಡಿ-ಇ-ಇ-ಆರ್ ಎಂದು ಬರೆದುದರಿಂದ, ಪ್ರಿಯರಾದ ತಂದೆಯವರು ಜಿಂಕೆಯಾಗಿಬಿಟ್ಟರು! ವರ್ಗವೆಲ್ಲ ನಕ್ಕಿತು. ಹುಡುಗನ ಮೋರೆ ಬಾಡಿತು. ಅಂದಿನಿಂದ ಅವನು ಇಂಗ್ಲಿಷ್ ಬರೆಯಲು ಅಂಜತೊಡಗಿದನು.

ಅವನು ತಪ್ಪಿದುದು ದಡ್ಡತನದಿಂದಲ್ಲ. ಕೇಳಿದಂತೆ ಬರೆಯಬೇಕೆಂದು ಕನ್ನಡವು ಕಲಿಸಿದ ಪಾಠವನ್ನೇ ಅವನು ನಂಬಿದ್ದನು. ಇಂಗ್ಲಿಷಿನಲ್ಲಿ ಆ ನಂಬಿಕೆ ಸಾಲದು. ಅಲ್ಲಿ ಉಚ್ಚಾರವು ಒಂದೇ ಆಗಿ, ಬರಹವೂ ಅರ್ಥವೂ ಬೇರೆಯಾಗಿರುವ ಶಬ್ದಗಳು ಹೇರಳವಾಗಿವೆ. ಇವನ್ನು ಸಮಧ್ವನಿ ಪದಗಳೆನ್ನಬಹುದು.

ಇವು ಹುಟ್ಟಿದ ಬಗೆ ಸ್ವಾರಸ್ಯಕರವಾಗಿದೆ. 'ನೈಟ್' ಎಂದರೆ ರಾತ್ರಿ. ಆದಿಯಲ್ಲಿ ಕೆ ಅಕ್ಷರ ಸೇರಿದರೆ ಕುದುರೆಯೇರಿದ ವೀರ. ಹಿಂದೆ ಇಂಗ್ಲಿಷರು ಆ ಕಕಾರವನ್ನು ಸ್ಪಷ್ಟವಾಗಿ ಉಚ್ಚರಿಸುತ್ತಿದ್ದರು. ಆಗ ಇವೆರಡೂ ಕಿವಿಗೂ ಬೇರೆಯೇ ಆಗಿದ್ದವು. 1476ರಲ್ಲಿ ವಿಲಿಯಂ ಕ್ಯಾಕ್ಸ್ಟನ್ ಎಂಬಾತನು ವೆಸ್ಟ್‌ಮಿನ್‌ಸ್ಟರಿನಲ್ಲಿ ಇಂಗ್ಲೆಂಡಿನ ಮೊದಲ ಮುದ್ರಣಾಲಯವನ್ನು ಸ್ಥಾಪಿಸಿದನು. ಅಚ್ಚಿನ ಮೊಳೆಗಳಿಂದಾಗಿ ಬರಹವು ಕ್ರಮೇಣ ಒಂದೆಡೆ ನಿಂತಿತು. ನಾಲಗೆ ಮಾತ್ರ ನಿಲ್ಲಲಿಲ್ಲ. ಮುಂದಿನ ಶತಮಾನಗಳಲ್ಲಿ ಕಕಾರದ ಧ್ವನಿ ಅಳಿಯಿತು, ಅಕ್ಷರ ಉಳಿಯಿತು.

ನಮ್ಮಲ್ಲಿಯೂ ಇಂಥ ಬದಲಾವಣೆ ನಡೆದಿದೆ. ಹಳಗನ್ನಡದಲ್ಲಿ 'ಬಾೞ್' ಎಂದರೆ ಬದುಕು, 'ಬಾಳ್' ಎಂದರೆ ಖಡ್ಗ. ೞಕಾರದ ಧ್ವನಿಯು ಳಕಾರದಲ್ಲಿ ಬೆರೆತುಹೋದಾಗ ನಾವು ಆ ಅಕ್ಷರವನ್ನೂ ಕೈಬಿಟ್ಟೆವು. ಕನ್ನಡಿಗರು ಧ್ವನಿಯೊಡನೆ ಅಕ್ಷರವನ್ನೂ ಕಳುಹಿಸಿಕೊಟ್ಟರು. ಇಂಗ್ಲಿಷರು ಅಕ್ಷರವನ್ನು ಮನೆಯಲ್ಲಿಯೇ ಉಳಿಸಿಕೊಂಡರು. ವ್ಯತ್ಯಾಸವಿಷ್ಟೇ.

ಇನ್ನೊಂದು ಗುಂಪಿನ ಶಬ್ದಗಳಲ್ಲಿ ಉಚ್ಚಾರವೂ ಒಂದೇ, ಬರಹವೂ ಒಂದೇ. ಅರ್ಥ ಮಾತ್ರ ಬೇರೆ. 'ಬ್ಯಾಟ್' ಎಂದರೆ ಚೆಂಡನ್ನು ಹೊಡೆಯುವ ದಾಂಡು, ಬಾವಲಿಯೂ ಹೌದು. 'ಬ್ಯಾಂಕ್' ಎಂದರೆ ನದಿಯ ದಡ, ಹಣವಿಡುವ ಸಂಸ್ಥೆಯೂ ಹೌದು. ಈ ಎರಡನೆಯ ಅರ್ಥವು ನಾಣ್ಯ ವಿನಿಮಯ ಮಾಡುತ್ತಿದ್ದವರ ಹಲಗೆಯನ್ನು ಸೂಚಿಸುವ ಇಟಾಲಿಯನ್ ಶಬ್ದದಿಂದ ಬಂದಿತು. ಇಂಥ ಪದಗಳು ಕನ್ನಡಕ್ಕೂ ಹೊಸವಲ್ಲ. "ಹತ್ತು ಮೆಟ್ಟಿಲು ಹತ್ತು" ಎಂದರೆ ಯಾವ 'ಹತ್ತು' ಸಂಖ್ಯೆ, ಯಾವುದು ಕ್ರಿಯೆ ಎಂದು ಚಿಕ್ಕ ಮಗುವೂ ಅರಿಯುತ್ತದೆ. ಅರ್ಥವನ್ನು ತಿಳಿಸುವುದು ಒಂಟಿ ಶಬ್ದವಲ್ಲ, ಅದರ ನೆರೆಹೊರೆ.

ಆದುದರಿಂದ, ವಿದ್ಯಾರ್ಥಿ ಮಿತ್ರರೇ, ಇಂಗ್ಲಿಷ್ ಶಬ್ದಗಳನ್ನು ಬಿಡಿಬಿಡಿಯಾಗಿ ಬಾಯಿಪಾಠ ಮಾಡಬೇಡಿರಿ. ಪ್ರತಿಯೊಂದನ್ನೂ ವಾಕ್ಯದಲ್ಲಿಟ್ಟು ಕಲಿಯಿರಿ. ಸಮಧ್ವನಿಯ ಜೋಡಿ ಸಿಕ್ಕಿದಾಗ ಎರಡನ್ನೂ ಒಂದೇ ವಾಕ್ಯದಲ್ಲಿ ಬರೆದು ನೋಡಿರಿ. ಕಿವಿ ಮೋಸಹೋದಲ್ಲಿ ಕಣ್ಣು ಕಾಯುತ್ತದೆ. ಮತ್ತು ಸಹಪಾಠಿಯೊಬ್ಬನು ತಪ್ಪಿದಾಗ ನಗುವ ಮುನ್ನ, ಆ ತಪ್ಪಿನ ಹಿಂದೆ ಐನೂರು ವರ್ಷಗಳ ಚರಿತ್ರೆಯಿದೆ ಎಂಬುದನ್ನು ನೆನೆಯಿರಿ.