ಜೈಲು ಸಿನಿಮಾದಿಂದ ಬಂದ ಪ್ರೇಮಗೀತೆ

‘ಘೋಸ್ಟ್’ ಸಿನಿಮಾದಲ್ಲಿ ಕುಂಬಾರನ ಚಕ್ರದ ಮುಂದೆ ಜೋಡಿ ಕೂತಿರುತ್ತಲ್ಲ, ಹಿಂದೆ ಬರೋ ಹಾಡು ನೆನಪಿದೆಯಾ? ‘ಅನ್‌ಚೈನ್ಡ್ ಮೆಲೊಡಿ’. ಅದು ಹುಟ್ಟಿದ್ದು ಒಂದು ಜೈಲು ಸಿನಿಮಾಗೆ! 1955ರ ‘ಅನ್‌ಚೈನ್ಡ್’. ಸಂಗೀತ ಅಲೆಕ್ಸ್ ನಾರ್ತ್, ಸಾಹಿತ್ಯ ಹೈ ಜ಼ಾರೆಟ್. ಕೈದಿಯ ಪಾತ್ರದಲ್ಲಿ ಹಾಡಿದ್ದು ಟಾಡ್ ಡಂಕನ್. ಹಾಡಿನಲ್ಲಿ ಆ ಪರಿ ಹಂಬಲ ಯಾಕೆ ಅಂತ ಈಗ ಗೊತ್ತಾಯ್ತಲ್ಲ? ಸಿನಿಮಾನ ಜನ ಮರೆತ್ರು. ಹಾಡನ್ನ ಮಾತ್ರ ಅದೇ ವರ್ಷ ಲೆಸ್ ಬ್ಯಾಕ್ಸ್‌ಟರ್, ಅಲ್ ಹಿಬ್ಲರ್, ರಾಯ್ ಹ್ಯಾಮಿಲ್ಟನ್, ಎಲ್ಲರೂ ರೆಕಾರ್ಡ್ ಮಾಡಿ ಗೆದ್ರು.

ಆದ್ರೆ ನಮ್ಮ ಕಿವಿಯಲ್ಲಿರೋದು 1965ರ ರೈಟಿಯಸ್ ಬ್ರದರ್ಸ್. ಹೆಸರಿಗೆ ಇಬ್ಬರು, ಇದನ್ನ ಹಾಡಿದ್ದು ಬಾಬಿ ಹ್ಯಾಟ್‌ಫೀಲ್ಡ್ ಒಬ್ಬರೇ. ಅದೂ ರೆಕಾರ್ಡಿನ ಬಿ-ಸೈಡಿಗೆ, ಯಾರೂ ಅಷ್ಟಾಗಿ ಕೇಳದ ಬದಿಗೆ! ರೇಡಿಯೋದವರು ಪ್ಲೇಟನ್ನೇ ಮಗುಚಿ ಹಾಕಿದ್ರು. ಕೊನೇಲಿ ದನಿ ಒಮ್ಮೆಲೇ ಮೇಲಕ್ಕೆ ಜಿಗಿಯುತ್ತಲ್ಲ, ಆ ಜಾಗ ಕೇಳಿ. ಆಮೇಲೆ ಹಾಡಿದವರೆಲ್ಲ ತಿಣುಕೋದು ಅಲ್ಲೇ.

1977ರಲ್ಲಿ, ಸಾಯೋದಕ್ಕೆ ಕೆಲವೇ ವಾರ ಮೊದಲು, ಎಲ್ವಿಸ್ ತಾವೇ ಪಿಯಾನೊ ನುಡಿಸ್ತಾ, ಬೆವರು ಸುರಿಸ್ತಾ ಹಾಡಿದ್ದಾರೆ. ನನಗಂತೂ ಅದೇ ಇಷ್ಟ.

1990ರಲ್ಲಿ ‘ಘೋಸ್ಟ್’ ಗೆದ್ದಾಗ ಬಾಬಿ ಮತ್ತೆ ಹಾಡಿದ್ರು. ಹಳೇದು, ಹೊಸದು ಎರಡೂ ಅಮೆರಿಕದ ಚಾರ್ಟಿನಲ್ಲಿ ಒಟ್ಟಿಗೇ! ಬ್ರಿಟನ್ನಿನಲ್ಲಂತೂ ನಾಲ್ಕು ಆವೃತ್ತಿ ನಂಬರ್ ಒನ್: ಜಿಮ್ಮಿ ಯಂಗ್, ರೈಟಿಯಸ್ ಬ್ರದರ್ಸ್, ರಾಬ್ಸನ್-ಜೆರೋಮ್ ಜೋಡಿ, 2002ರಲ್ಲಿ ಗರೆತ್ ಗೇಟ್ಸ್.